ಒಂದೇ ದಿನ ಮೂವರು ತಾಯಂದಿರು

ನವೆಂಬರ್ ಒಂದು ಹತ್ತಿರ ಬಂತೆಂದರೆ ಮೇಕಪ್ಪಿನ ಸಿದ್ದರಾಮಪ್ಪನಿಗೆ ಜ್ವರ ಬಂದ ಹಾಗಾಗುತ್ತಿತ್ತು. ಆ ದಿನ ಹೈದರಾಬಾದಿನ ಕನ್ನಡಿಗರಿಗೆ ರಾಜ್ಯೋತ್ಸವ, ಆಂಧ್ರದವರಿಗೂ ರಾಜ್ಯದ ಹುಟ್ಟುಹಬ್ಬ, ಪ್ರತ್ಯೇಕ ತೆಲಂಗಾಣ ಬೇಕೆನ್ನುವವರಿಗೆ ಕರಾಳ ದಿನ. ಹೋರಾಟ ಜೋರಾಗಿದ್ದ ಆ ವರ್ಷ ಮೂವರೂ ಅವನನ್ನೇ ಕರೆದರು. ಮೂವರಿಗೂ ಬೇಕಾದದ್ದು ಒಂದೇ: ಕಿರೀಟವಿಟ್ಟುಕೊಂಡು ವೇದಿಕೆಯ ಮೇಲೆ ಅಲುಗಾಡದೆ ನಿಲ್ಲುವ ಒಬ್ಬ ತಾಯಿ.

ಬಾಗಲಕೋಟೆ ಕಡೆಯ ನಾಟಕ ಕಂಪನಿಯ ಜೊತೆ ಬಂದು, ಕಂಪನಿ ಮುಚ್ಚಿದ ಮೇಲೆ ಇಲ್ಲೇ ಉಳಿದವನು ಅವನು. ಎಷ್ಟೋ ರಾಜರಿಗೆ ಮೀಸೆ ಅಂಟಿಸಿದ್ದ. ಈಗ ನಾಟಕ ಯಾರಿಗೂ ಬೇಡ. ಎಲ್ಲರಿಗೂ ತಾಯಿ ಬೇಕು, ಅದೂ ಮಾತಾಡದ ತಾಯಿ. ಒಬ್ಬರಿಗೆ ಒಲ್ಲೆನೆಂದರೆ ಇನ್ನೊಬ್ಬರ ಕಡೆಯವನೆಂಬ ಹೆಸರು ಬರುತ್ತದೆ. ಆದ್ದರಿಂದ ಮೂವರಿಗೂ ಹೂಂ ಎಂದುಬಿಟ್ಟ.

ಗಲಾಟೆಯ ದಿನಗಳಲ್ಲಿ ಹಾಗೆ ನಿಲ್ಲಲು ಯಾವ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಹೆಂಡತಿ ಗುರುಬಾಯಿಯನ್ನೇ ಒಪ್ಪಿಸಿದ. ಕಂಪನಿಯಲ್ಲಿ ಪಾರ್ಟು ಮಾಡಿದವಳು; ಈಗ ಐವತ್ತು ದಾಟಿ ಮೊಣಕಾಲು ಸವೆದಿದ್ದವು. ಒಬ್ಬಳೇ ಮೂರೂ ಕಡೆ ನಿಂತದ್ದು ಯಾರಿಗಾದರೂ ಗೊತ್ತಾದರೆ ಬಣ್ಣದ ಪೆಟ್ಟಿಗೆ ಮುಚ್ಚಿಟ್ಟಂತೆಯೇ, ಇನ್ನು ಮೂವರೂ ತನ್ನನ್ನು ಬಾಗಿಲಿಗೆ ಸೇರಿಸುವುದಿಲ್ಲ ಎಂಬುದೊಂದೇ ಅವನ ಹೆದರಿಕೆ.

ಬೆಳಿಗ್ಗೆ ಕೂಕಟ್‌ಪಲ್ಲಿಯ ಆಂಧ್ರದವರ ಸಭೆಯಲ್ಲಿ ಭತ್ತದ ತೆನೆ ಹಿಡಿದು ಅವಳು ತೆಲುಗು ತಾಯಿಯಾದಳು. ಮಧ್ಯಾಹ್ನ ಪಟಾನ್‌ಚೆರುವಿನ ಧರಣಿಯಲ್ಲಿ ಹಸಿರು ಸೀರೆಯುಟ್ಟು, ಜೋಳದ ತೆನೆ ಹಿಡಿದು ತೆಲಂಗಾಣ ತಾಯಿಯಾದಳು. ಗುರುತು ಸಿಗಬಾರದೆಂದು ಸಿದ್ದರಾಮಪ್ಪ ಹುಬ್ಬು ದಪ್ಪಗೆ ತಿದ್ದಿದ್ದ. ಅಲ್ಲಿ ಬಂಡೆಪ್ಪನೆಂಬ ಕನ್ನಡ ಮಾತಾಡುವ ಕಾರ್ಖಾನೆ ಕಾರ್ಮಿಕ ಅವಳಿಗೆ ಮಾಲೆ ಹಾಕಿ, ಕಣ್ಣು ಒದ್ದೆ ಮಾಡಿಕೊಂಡು ಕೈಮುಗಿದ.

ಸಂಜೆ ಲಿಂಗಂಪಲ್ಲಿಗೆ ಹೋಗುವಾಗ ಗುರುಬಾಯಿ ಆಟೋದಲ್ಲಿ ಕಾಲು ಬಾತಿವೆ ಎಂದಳು. ಸಿದ್ದರಾಮಪ್ಪ ಅವಳ ಹಣೆಯ ಬಣ್ಣ ಕದಡಿದೆಯೇ ಎಂದು ನೋಡುತ್ತಿದ್ದ. ಇನ್ನೊಂದೇ ಉಳಿದಿದೆ, ತಡೆದುಕೋ ಎಂದ.

ಅಲ್ಲಿನ ಕನ್ನಡ ಸಂಘದಲ್ಲಿ ಅವಳು ಭುವನೇಶ್ವರಿ. ಭಾಷಣಗಳು ಮುಗಿಯಲೊಲ್ಲವು. ಹೊರಗೆ ಕಾಲಿಟ್ಟರೆ ತೆಲುಗು ಮಾತಾಡುವ ಜನ, ಒಳಗೆ ಮೈಕ್ ಸಿಕ್ಕರೆ ಕನ್ನಡಕ್ಕೆ ಪ್ರಾಣ ಕೊಡುವವರೇ. ಸಿದ್ದರಾಮಪ್ಪ ಪರದೆಯ ಮರೆಯಿಂದ ಗದ್ದ ಎತ್ತು, ಬೆನ್ನು ನೇರ ಮಾಡು ಎಂದು ಸನ್ನೆ ಮಾಡುತ್ತಲೇ ಇದ್ದ. ಆಗ ಎದುರಿನ ಸಾಲಿನಲ್ಲಿ ಹೆಂಡತಿ ಮಕ್ಕಳ ಜೊತೆ ಕುಳಿತಿದ್ದ ಬಂಡೆಪ್ಪ ಕಣ್ಣಿಗೆ ಬಿದ್ದ. ಸಿದ್ದರಾಮಪ್ಪ ಸನ್ನೆ ನಿಲ್ಲಿಸಿ ಪರದೆಯ ಹಿಂದಕ್ಕೆ ಸರಿದ.

ಪುಷ್ಪಾರ್ಚನೆಗೆ ಒಬ್ಬೊಬ್ಬರಾಗಿ ವೇದಿಕೆ ಹತ್ತಿದರು. ಬಂಡೆಪ್ಪನ ಸರದಿ ಬಂತು. ಬೊಗಸೆಯಲ್ಲಿ ಹೂವು ಹಿಡಿದವನು ಅವಳ ಮುಖ ನೋಡಿ ಹಾಗೇ ನಿಂತ.

"ಮಧ್ಯಾಹ್ನ ನಮ್ಮ ಕಡೆ ನಿಂತಿದ್ದವರು ನೀವ ಅಲ್ಲೇನ್ರಿ?"

ಪಕ್ಕದಲ್ಲಿದ್ದ ಮೈಕ್ ಅದನ್ನು ಇಡೀ ಸಭೆಗೆ ಕೇಳಿಸಿತು. ಬಾಯಿ ಬಿಡಬೇಡ ಎಂದು ಸಿದ್ದರಾಮಪ್ಪ ಜೋರಾಗಿ ತಲೆಯಾಡಿಸಿದ. ಗುರುಬಾಯಿ ಆಶೀರ್ವಾದಕ್ಕೆಂದು ಎತ್ತಿದ್ದ ಕೈ ಇಳಿಸಿದಳು.

"ಹೌದ್ರಿ. ಮುಂಜಾನಿ ಕೂಕಟ್‌ಪಲ್ಲಿಯವರ ತಾಯಿನೂ ನಾನ. ಮೂರೂ ಕಡೆ ಮಾಲಿ ಹಾಕಿದ್ರಿ. ಕೂಡವ್ವಾ ಅಂತ ಒಬ್ರೂ ಅನ್ನಲಿಲ್ಲ."

ಅಷ್ಟು ಹೇಳಿ ಕಿರೀಟದ ಸಮೇತ ವೇದಿಕೆಯ ಹಲಗೆಯ ಮೇಲೆಯೇ ಕುಸಿದು ಕುಳಿತಳು. ಸಂಘದ ಕಾರ್ಯದರ್ಶಿ ಜಯತೀರ್ಥರ ಮುಖ ಕೆಂಪಾಯಿತು. ಮಾನ ಮುಚ್ಚಿಕೊಳ್ಳಲು ಬೇರೆ ದಾರಿ ಕಾಣದೆ ಅವಸರದಲ್ಲಿ ನಾಡಗೀತೆ ಹಾಡಿಸಿದರು. ಸಭೆಯೆಲ್ಲ ಎದ್ದು ನಿಂತಿತು. ಬಂಡೆಪ್ಪನೂ ಹೂವು ಹಿಡಿದುಕೊಂಡು, ತಲೆ ತಗ್ಗಿಸಿ ನಿಂತ.

ಸಿದ್ದರಾಮಪ್ಪ ಪರದೆಯ ಮರೆಯಿಂದ ಹೊರಗೆ ಬಂದ. ಇಷ್ಟು ವರ್ಷದಲ್ಲಿ ಜನರೆದುರು ಅವನು ವೇದಿಕೆಗೆ ಬಂದದ್ದು ಅದೇ ಮೊದಲು. ಹೆಂಡತಿಯ ಮುಖವನ್ನು ಸಾವಿರ ಸಲ ತಿದ್ದಿದವನು ಈಗ ಕಾಲು ನೋಡಿದ. ಊದಿದ ಪಾದದೊಳಗೆ ಗೆಜ್ಜೆಯ ದಾರ ಹೂತುಹೋಗಿತ್ತು. ಪಕ್ಕದಲ್ಲಿ ಕುಳಿತು ಗಂಟು ಬಿಚ್ಚತೊಡಗಿದ.

"ಎಲ್ಲಾರೂ ನಿಂತಾರ್ರಿ," ಗುರುಬಾಯಿ ಪಿಸುಗುಟ್ಟಿ ಅವನ ಹೆಗಲಿಗೆ ಕೈ ಊರಿದಳು. "ಎಬ್ಬಸ್ರಿ ನನ್ನ."

"ಕೂಡು," ಅಂದ.