ಎಂಟು ಮನೆಯ ಹೊನ್ನಿ

ಹೊನ್ನಿಯಷ್ಟು ಒಳ್ಳೆಯ ಹುಡುಗಿ ಊರಲ್ಲೇ ಇಲ್ಲ ಎಂದು ಎಂಟೂ ಮನೆಯವರು ಹೇಳುತ್ತಿದ್ದರು. ಹಾಕಿದ್ದನ್ನು ಉಣ್ಣುತ್ತಾಳೆ, ತೋರಿಸಿದ ಮೂಲೆಯಲ್ಲಿ ಮಲಗುತ್ತಾಳೆ, ಒಂದು ದಿನವೂ ಹಠ ಮಾಡಿದವಳಲ್ಲ. ಈ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಸೂಲಗಿತ್ತಿ ರುದ್ರಮ್ಮನಿಗೆ ಮೈ ಉರಿಯುತ್ತಿತ್ತು. ಊರಿನ ಮುಕ್ಕಾಲು ಮಕ್ಕಳು ಅವಳ ಕೈ ಮೇಲೆ ಹುಟ್ಟಿದವು. ಏಳು ವರ್ಷದ ಮಗು ಹಠ ಮಾಡದೆ ಇರುವುದು ನೆಂಟರ ಮನೆಯಲ್ಲಿ ಮಾತ್ರ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಯುದ್ಧ ಮುಗಿದ ವರ್ಷ ಶನಿವಾರಸಂತೆಯ ಸೀಮೆಗೆಲ್ಲ ಹಬ್ಬಿದ ಶೀತಜ್ವರ ಹೊನ್ನಿಯ ಅಪ್ಪ ಅವ್ವ ಇಬ್ಬರನ್ನೂ ಒಂದೇ ವಾರದಲ್ಲಿ ಕೊಂಡೊಯ್ದಿತ್ತು. ಮಗು ಆಗಿನ್ನೂ ಅಂಬೆಗಾಲಿಡುತ್ತಿತ್ತು. ಪಟೇಲ ಮೊಣ್ಣಪ್ಪ ಗುಡಿಯ ಜಗುಲಿಯಲ್ಲಿ ಕೂತು ತೀರ್ಮಾನ ಕೊಟ್ಟ: ಎಂಟು ಮನೆಯವರು ಸಾಕುವುದು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದೊಂದು ಮನೆಯ ಸರದಿ. ಆ ಕಾಲಕ್ಕೆ ಅದು ದೊಡ್ಡ ಮನಸ್ಸೇ. ರುದ್ರಮ್ಮನೂ ಕೈಮುಗಿದಿದ್ದಳು. ಆದರೆ ಕಷ್ಟಕ್ಕೆಂದು ಮಾಡಿಕೊಂಡ ಏರ್ಪಾಡು ಊರಿನ ಪದ್ಧತಿಯಾಗಿ ಕೂತುಬಿಟ್ಟಿತು. ತಾಲೂಕಿನ ಸುಬೇದಾರರು ಕ್ಯಾಂಪಿಗೆ ಬಂದಾಗ, "ನಮ್ಮೂರಾಗೆ ಪರದೇಶಿ ಮಗು ಅಂಬೋದೇ ಇಲ್ಲ ಸ್ವಾಮಿ" ಎಂದು ಪಟೇಲ ಮೀಸೆ ತಿರುವಿದ್ದೂ ಆಯಿತು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಹೊನ್ನಿ ತನ್ನ ಹಿತ್ತಾಳೆ ತಟ್ಟೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಯಾರೂ ಹೇಳದೆಯೇ ಮುಂದಿನ ಮನೆಯ ಜಗುಲಿ ಹತ್ತುತ್ತಿದ್ದಳು.

ರುದ್ರಮ್ಮ ಎರಡು ವರ್ಷದಿಂದ ಮನೆ ಮನೆ ಸುತ್ತಿ ಬೇಡಿದ್ದಳು. "ಯಾರಾದ್ರೂ ಒಬ್ರು ಮಗಳು ಮಾಡ್ಕಳ್ರವ್ವ." ಎಲ್ಲ ಕಡೆಯೂ ಒಂದೇ ಉತ್ತರ: "ನಾವೇನು ಹೊಟ್ಟೆಗೆ ಕಮ್ಮಿ ಮಾಡೀವಾ?" ನೀನೇ ಸಾಕಿಕೋ ಎಂದು ಕೊಂಕು ತೆಗೆದವರೂ ಇದ್ದರು. ಅವಳೋ ತಮ್ಮನ ಮನೆಯ ಹಿತ್ತಿಲ ಕೋಣೆಯಲ್ಲಿ ಬಿದ್ದಿರುವ, ಕಣ್ಣು ಮಂಜಾದ ಮುದುಕಿ. ಇವತ್ತೋ ನಾಳೆಯೋ ಮಣ್ಣಿಗೆ ಹೋಗುವವಳು ಆ ಮಗುವನ್ನು ಇನ್ನೊಮ್ಮೆ ತಬ್ಬಲಿ ಮಾಡುವುದೇ?

ಆ ಚಳಿಗಾಲ ದಾಕಿನ ಸೀತಾರಾಮಯ್ಯ ಊರಿಗೆ ಬಂದರು. ಸಿಡುಬು ಬಾರದಂತೆ ಮಕ್ಕಳ ತೋಳು ಗೀರಿ ಔಷಧಿ ಹಚ್ಚುವ ಸರ್ಕಾರಿ ನೌಕರ ಅವರು. ಪಕ್ಕದೂರಿನಲ್ಲಿ ಆಗಲೇ ಎರಡು ಮಕ್ಕಳು ಸಿಡುಬಿಗೆ ಹೋಗಿದ್ದವು. ಹಾಗಾಗಿ ಗುಡಿಯ ಮುಂದೆ ಊರೇ ಸೇರಿತ್ತು. ತೋಳಲ್ಲಿ ಹಳೆಯ ದಾಕಿನ ಕಲೆ ಇದ್ದವರನ್ನು ಅವರು ನೋಡಿ ಕಳಿಸುತ್ತಿದ್ದರು. ಹೊನ್ನಿಯ ತೋಳನ್ನು ಮಾತ್ರ ಹಿಡಿದು ಮೇಲೆ ಕೆಳಗೆ ನೋಡಿದರು. ಒಂದು ಕಲೆಯೂ ಇರಲಿಲ್ಲ.

"ಏಳು ವರ್ಷವಾದರೂ ದಾಕು ಹಾಕಿಸಿಲ್ಲವಲ್ಲ! ಯಾರ ಮಗು ಇದು?"

"ಊರ ಮಗು ಸ್ವಾಮಿ" ಎಂದ ಪಟೇಲ.

ಎಂಟು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಮನೆಯವರು ಹಾಕಿಸಿರುತ್ತಾರೆ ಎಂದು ಪ್ರತಿಯೊಬ್ಬರೂ ಆರು ವರ್ಷ ನಂಬಿಕೊಂಡು ಬಂದಿದ್ದರು.

ಸೀತಾರಾಮಯ್ಯ ಪುಸ್ತಕ ಬಿಚ್ಚಿದರು. "ಜ್ವರ ಬರುತ್ತದೆ, ಗಾಯ ಕೆರೆಯದಂತೆ ನೋಡಿಕೊಳ್ಳಬೇಕು. ಎಂಟನೆಯ ದಿನ ಬಂದು ತೋಳು ನೋಡುತ್ತೇನೆ. ಮಗುವಿನ ಮನೆಯವರು ಅಂತ ಯಾರ ಹೆಸರು ಬರೆಯಲಿ?"

ಅಮಾವಾಸ್ಯೆಗೆ ಐದೇ ದಿನ ಉಳಿದಿತ್ತು. "ನಮ್ಮ ಸರದಿ ಅಷ್ಟೊತ್ಗೆ ಮುಗೀತದೆ" ಎಂದರು ಈಗಿನ ಮನೆಯವರು. "ನಮ್ಮನೇಲಿ ಬಾಣಂತಿ ಅವ್ಳೆ" ಎಂದರು ಮುಂದಿನವರು. ಆಗ ಎಂಟು ಮನೆಯವರಲ್ಲೊಬ್ಬಳಾದ ಗುರುಸಿದ್ದಮ್ಮ, ಚೀರುತ್ತಿದ್ದ ತನ್ನ ಮೂರನೆಯ ಗಂಡುಮಗನನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ, "ಜ್ವರ ಇಳಿಯೋಗಂಟ ನಮ್ಮನೇಲಿರ್ಲಿ ಬುಡಿ" ಎಂದಳು. ಎಲ್ಲರೂ ಹಗುರಾಗಿ ಉಸಿರು ಬಿಟ್ಟರು.

"ಬ್ಯಾಡ" ಎಂದಳು ರುದ್ರಮ್ಮ.

ಈ ಮುದುಕಿಗೆ ತಲೆ ಕೆಟ್ಟಿದೆ ಎಂದು ಯಾರೋ ಗೊಣಗಿದರು.

"ಅಲ್ಲೀಗಂಟ, ಇಲ್ಲೀಗಂಟ ಅಂತ ಇಟ್ಕಳಾಕೆ ಎಂಟೂ ಮನೆಯೋರು ಅವ್ರೆ. ಮಗಳು ಅಂತ ಬರೆಸೋದಾದ್ರೆ ಬರೆಸು ಗುರುಸಿದ್ದವ್ವ. ಇಲ್ಲಾಂದ್ರೆ ಸುಮ್ಕಿರು."

ಹಾಗೆಂದವಳಿಗೇ, ಕೈಗೆ ಬಂದದ್ದನ್ನೂ ತಾನೇ ಕಳೆದೆನೇನೋ ಎಂದು ಭಯವಾಯಿತು. ಹೊನ್ನಿ ಮಾತ್ರ ಚಾಚಿದ ತೋಳನ್ನು ಹಾಗೇ ಹಿಡಿದು ನಿಂತಿದ್ದಳು.

ಗುರುಸಿದ್ದಮ್ಮ ಗಂಡನ ಕಡೆ ನೋಡಿದಳು. ಮರುಳಸಿದ್ದಪ್ಪ ತಲೆ ಕೆರೆದುಕೊಂಡ. "ಹೆಣ್ಮಗು. ನಾಳೆ ಮದ್ವೆ ಅಂತ ಬತ್ತದೆ..."

ರುದ್ರಮ್ಮ ಪಟೇಲನ ಕಡೆ ತಿರುಗಿದಳು. "ಸುಬೇದಾರ್ರ ಮುಂದೆ ಮೀಸೆ ತಿರುವೋಕೆ ಎಂಟು ಮನೆ ಇತ್ತಲ್ಲ ಪಟೇಲ್ರೆ, ಮದ್ವೆ ಚಪ್ಪರಕ್ಕೂ ಎಂಟು ಮನೆ ಬತ್ತದೋ ಇಲ್ವೋ? ಸರ್ಕಾರದೋರ ಮುಂದೇನೇ ಹೇಳಿ."

ಪಟೇಲನಿಗೆ ನುಂಗಲೂ ಆಗದ, ಉಗುಳಲೂ ಆಗದ ತುತ್ತು. "ಬತ್ತದೆ, ಬತ್ತದೆ" ಎಂದ.

"ಮರುಳಸಿದ್ದಪ್ಪ ಅಂತ ಬರ್ಕಳಿ ಸ್ವಾಮಿ" ಎಂದಳು ಗುರುಸಿದ್ದಮ್ಮ, ಗಂಡ ಬಾಯಿ ತೆಗೆಯುವ ಮೊದಲೇ. ಅವನು ಬೇಡವೆನ್ನಲಿಲ್ಲ. ಸೀತಾರಾಮಯ್ಯ ಬರೆದುಕೊಂಡು ತೋಳು ಗೀರಿದರು. ಹೊನ್ನಿ ತುಟಿ ಕಚ್ಚಿದಳು, ಅಳಲಿಲ್ಲ.

ಐದು ದಿನ ಬಿಟ್ಟು, ಅಮಾವಾಸ್ಯೆಯ ಬೆಳಿಗ್ಗೆ, ಅವಳು ಜ್ವರದಲ್ಲೇ ಕಂಬಳಿ ಸುತ್ತಿಕೊಂಡು ಬಾಣಂತಿಯ ಮನೆಯ ಜಗುಲಿಯಲ್ಲಿ ಕೂತಿದ್ದಳು. ಗುರುಸಿದ್ದಮ್ಮ ಎತ್ತಿಕೊಂಡು ಬಂದಳು. ಮುಂದಿನ ಅಮಾವಾಸ್ಯೆಗೂ ಹಾಗೇ, ಇನ್ನೊಂದು ಮನೆಯಿಂದ. ಅದರ ಮುಂದಿನದಕ್ಕೆ ಹೊನ್ನಿ ಗುರುಸಿದ್ದಮ್ಮನ ಅಂಗಳದ ತನಕ ಹೋಗಿ ತಾನೇ ಹಿಂದಿರುಗಿದಳಂತೆ.

ಮಳೆ ಹಿಡಿದ ಮೇಲೆ ಒಂದು ದಿನ ರುದ್ರಮ್ಮ ತಲೆಗೆ ಎಲೆಯ ಗೊರಗ ಹೊದ್ದು ಆ ದಾರಿಯಲ್ಲಿ ಬರುತ್ತಿದ್ದಳು. ಪಟೇಲನೂ ಜೊತೆಗೆ ಸಿಕ್ಕಿದ್ದ. ಮರುಳಸಿದ್ದಪ್ಪನ ಮನೆಯೊಳಗೆ ತಟ್ಟೆ ನೆಲಕ್ಕೆ ಬಿದ್ದ ಸದ್ದಾಯಿತು.

"ನಂಗೆ ಹಲಸಿನ ಬೀಜದ ಸಾರು ಬ್ಯಾಡ! ದಿನಾ ಇದೇ! ನಾ ಉಣ್ಣಾಕಿಲ್ಲ!"

"ಉಣ್ಬ್ಯಾಡ ಹೋಗು! ಹೊಟ್ಟೆ ಹಸಿದ್ರೆ ತಾನಾಗೇ ಬತ್ತೀಯ. ನಿಮ್ಮಪ್ಪನ ತಾವ ಹೇಳ್ಕಾ ಹೋಗು!"

ಆಮೇಲೆ ಊರಿಗೆಲ್ಲ ಕೇಳುವಂಥ ಅಳು.

ಪಟೇಲ ನಿಂತು ತಲೆಯಾಡಿಸಿದ. "ನೋಡಿದ್ಯಾ ರುದ್ರಮ್ಮಾ. ಎಂಥ ಒಳ್ಳೆ ಹುಡುಗಿ, ಹೆಂಗೆ ಕೆಟ್ಟೋದ್ಲು."

ರುದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೆಡ್ಲಿ ಬುಡಿ ಪಟೇಲ್ರೆ."