ಕೊಂದವನ ಜೊತೆ ಮುರಿದ ರೊಟ್ಟಿ

ಅಮೆರಿಕದ ರೆಂಟನ್ ಊರಿನ ತನ್ನ ಮನೆಯಲ್ಲಿ ಬೆಳಿಗ್ಗೆಯಿಂದ ಜೋಳದ ರೊಟ್ಟಿ ಬಡಿಯುತ್ತಿದ್ದ ಗೌರಾದೇವಿಗೆ ಒಂದೊಂದು ಏಟಿಗೂ ನೀಲಕಂಠಪ್ಪನ ಮೋರೆಯೇ ಕಾಣುತ್ತಿತ್ತು. ಅವಳ ಅಣ್ಣ ಸಂಗನಬಸುವನ್ನು ಕೊಡಲಿಯಿಂದ ಕಡಿದವನು ಅವನೇ ಎಂದು ಊರಿಗೆ ಊರೇ ಬಲ್ಲದು. ಆದರೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಅವನು ಮೀಸೆ ತಿರುವುತ್ತ ಮನೆಗೆ ಬಂದ. ಆಮೇಲೆ ಎರಡೂ ಮನೆಗಳಲ್ಲಿ ಹೆಣ ಬೀಳುತ್ತಲೇ ಹೋದವು.

ಕೊನೆಗೆ ಎರಡೂ ಮನೆಯ ವಿಧವೆಯರು ಗಂಡಸರನ್ನೆಲ್ಲ ಹೊರಗಿಟ್ಟು, ಬಸವಣ್ಣನ ಗುಡಿಯಲ್ಲಿ ಕೂತು ನ್ಯಾಯ ಬಗೆಹರಿಸಿದರು. ಕೊಂದವನು ತನ್ನ ಮನೆಯವರ ಮುಂದೆಯೇ, ಸತ್ತವನ ಹೆಸರು ಹಿಡಿದು, ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಸತ್ತವನ ಮನೆಯವರು ಮಾಡಿ ತಂದ ರೊಟ್ಟಿಯನ್ನು ಅವರ ಜೊತೆ ಮುರಿದು ತಿನ್ನಬೇಕು. ಅಲ್ಲಿಗೆ ಹಗೆ ತೀರಿತು. ನೀಲಕಂಠಪ್ಪ ರೆಂಟನ್ನಿಗೆ ಹತ್ತಿರದ ಸಮಾಮಿಶ್‌ನಲ್ಲಿರುವ ಮಗನ ಮನೆಗೆ ಬಂದಿದ್ದರಿಂದ ಈ ಕೆಲಸ ಗೌರಾದೇವಿಯ ಕೊರಳಿಗೆ ಬಿತ್ತು.

“ನೀ ಒಲ್ಲೆ ಅಂದ್ರ ರವಿಕಿರಣ ಕೊಡ್ಲಿ ಹಿಡೀತಾನ. ಗಂಡನ್ನ ಕಳಕೊಂಡೀನಿ, ಮಗನ್ನೂ ಕಳಕೊಳ್ಳಲೇನು?” ಎಂದು ಅತ್ತಿಗೆ ಬಸವ್ವ ಫೋನಿನಲ್ಲಿ ಅತ್ತಿದ್ದಳು.

ಗೌರಾದೇವಿ ಒಪ್ಪಿದಳು. ಆದರೆ ನೀಲಕಂಠಪ್ಪನ ಮೊಮ್ಮಗಳು ಕೀರ್ತಿ ಎದುರಿಗೆ ಇರಲೇಬೇಕು ಎಂದು ಹಟ ಹಿಡಿದಳು. ಹದಿನಾರರ ಆ ಹುಡುಗಿಗೆ ಅಜ್ಜನೆಂದರೆ ಜೀವ ಎಂದು ಕನ್ನಡ ಸಂಘದಲ್ಲಿ ಎಲ್ಲರೂ ಹೇಳುತ್ತಿದ್ದರು. ಗೌರಾದೇವಿಗೆ ಕ್ಷಮೆ ಗಿಮೆ ಬೇಕಿರಲಿಲ್ಲ. ಹಾವು ಸಾಯಬೇಕು, ಕೋಲು ಮುರಿಯಬಾರದು, ಅಷ್ಟೆ.

ಸಮಾಮಿಶ್‌ನ ಆ ದೊಡ್ಡ ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು ಊಟದ ಟೇಬಲ್ಲಿನ ಸುತ್ತ ಕೂತಿದ್ದರು. ಚೊಂಬಿಗೆ ಒರಗಿಸಿಟ್ಟ ಫೋನಿನಲ್ಲಿ ಬಸವ್ವ ಕಾಣುತ್ತಿದ್ದಳು. ನೀಲಕಂಠಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ಆಗಬಾರದ್ದು ಆತು, ಯವ್ವಾ. ಕಾಲ ಕೆಟ್ಟಿತ್ತು.”

“ಕಾಲ ಕೊಡ್ಲಿ ಹಿಡೀಲಿಲ್ರಿ. ಹೆಸರು ಹಿಡದು ಹೇಳ್ರಿ,” ಎಂದಳು ಗೌರಾದೇವಿ.

ಅವನು ಮೊಮ್ಮಗಳತ್ತ ನೋಡಿದ. “ಕೂಸು ಒಳಗ ಹೋಗ್ಲಿ. ನಿನಗ ಕೈ ಮುಗೀತೀನಿ.”

“ನಮ್ಮಣ್ಣನೂ ನಿಮಗ ಕೈ ಮುಗದಿದ್ನಂತ.”

ಮುದುಕ ತಲೆ ತಗ್ಗಿಸಿದ. “ಸಂಗನಬಸುನ್ನ ನಾನ ಕೊಂದೀನಿ. ಕೈ ಮುಗದಿದ್ದ, ಆದ್ರೂ ಹೊಡದೆ. ಬಿದ್ದ ಮ್ಯಾಲೂ ಹೊಡದೆ.”

ಫೋನಿನಲ್ಲಿ ಬಸವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕೀರ್ತಿ ಅಜ್ಜನ ಮುಂಗೈಯ ಹಳೆಯ ಗಾಯದ ಕಲೆಯನ್ನೇ ನೋಡುತ್ತಿದ್ದಳು.

“ಅಜ್ಜಾ, ಯು ಸೆಡ್ ಇಟ್ ವಾಸ್ ದ ಪ್ಲೌ.”

“ನೇಗಿಲಲ್ಲ, ಕೂಸ. ಅವ ಕಚ್ಚಿದ್ದು.”

ಗೌರಾದೇವಿಯ ಹೊಟ್ಟೆ ತಣ್ಣಗಾಯಿತು. ಎಷ್ಟೋ ವರ್ಷ ಉರಿದ ಕಿಚ್ಚು ಅದು. ಅವಳು ಕಟ್ಟಿ ತಂದಿದ್ದ ರೊಟ್ಟಿಯ ಗಂಟು ಬಿಚ್ಚಿ, ಒಂದು ರೊಟ್ಟಿ ಮುರಿದು, ಅರ್ಧ ಅವನ ಮುಂದಿಟ್ಟಳು. ತನ್ನ ಅರ್ಧದಲ್ಲಿ ಒಂದು ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಇವತ್ತಿನ ರೊಟ್ಟಿ ಚೆನ್ನಾಗಿಯೇ ಬಂದಿತ್ತು.

ದಿನವೂ ಮೊದಲ ತುತ್ತು ಮೊಮ್ಮಗಳಿಗೇ ಕೊಡುತ್ತಿದ್ದ ಮುದುಕ, ಇವತ್ತೂ ಮರೆತು ಚೂರು ಮುರಿದು ಅವಳ ಕಡೆ ಚಾಚಿದ. ಕೀರ್ತಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. “ಡೋಂಟ್ ಟಚ್ ಮಿ,” ಎಂದು ಮೆಟ್ಟಿಲು ಹತ್ತಿಹೋದಳು. ಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅವಳ ಅಪ್ಪ ಅಮ್ಮ ಯಾರೂ ಕರೆಯಲಿಲ್ಲ.

ರೊಟ್ಟಿಯ ಚೂರು ಹಿಡಿದ ಅವನ ಕೈ ಹಾಗೇ ನಿಂತಿತ್ತು. “ನನ್ನ ಕೊಂದೆಲ್ಲ, ಯವ್ವಾ.”

“ನೀವು ಸತ್ತಿಲ್ರಿ. ಸತ್ತಾವ ನಮ್ಮಣ್ಣ. ತಿನ್ರಿ.”

ಅವನು ಅಳುತ್ತಲೇ ಅಗಿದ. ಗಂಟಲಿಗಿಳಿಯುವವರೆಗೂ ಗೌರಾದೇವಿ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಆಮೇಲೆ ಫೋನಿನ ಕಡೆ ತಿರುಗಿದಳು.

“ತಿಂದ, ವೈನಿ. ಇನ್ನ ನಿನ್ನ ಮಗಗ ಕೊಡ್ಲಿ ಕೆಳಗ ಇಡು ಅನ್ನು.”