ಬೆರಳಿಟ್ಟು ಓದುವವರು

ಬಸ್ಸಿನಿಂದ ಇಳಿಯುವಾಗಲೂ ಸೋಮಮ್ಮ ಫೋನನ್ನು ಎದೆಗೆ ಒತ್ತಿಕೊಂಡೇ ಇದ್ದಳು. ಶಾಲೆಯ ಬಿಸಿಯೂಟದ ಅಡುಗೆಗೆ ಅಂದು ರಜೆ ಹಾಕಿ, ಎತ್ತಿಟ್ಟಿದ್ದ ಸೀರೆ ಉಟ್ಟಿದ್ದಳು. ಅವಳ ಎಡಗಣ್ಣಿನ ಒಳಗಿನ ಒತ್ತಡ ಏರಿತ್ತು; ಅದನ್ನು ನೋಡುವ ವೈದ್ಯರು ಇವರು ಹೊರಟಿದ್ದ ಆಸ್ಪತ್ರೆಗೆ ತಿಂಗಳಿಗೊಮ್ಮೆ ಮಾತ್ರ ಬರುತ್ತಿದ್ದರು. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದಿದ್ದನ್ನು ಕಾಪಾಡಿಕೊಳ್ಳಬೇಕು ಎಂದು ಕಣ್ಣಿನ ತಪಾಸಣೆ ಶಿಬಿರದಲ್ಲಿ ಹೇಳಿ ಕಳಿಸಿದ್ದರು.

"ಬುಕ್ ಮಾಡಕ್ಕೆ ನನ್ನನ್ನ ಕರೀಬೋದಿತ್ತಲ್ಲವ್ವ," ಎಂದಳು ಮಗಳು ಭಾನುಪ್ರಿಯಾ.

"ಯಾಕೆ, ಸಂಜೆ ಕ್ಲಾಸಲ್ಲಿ ಕಲ್ತಿದ್ದು ನಾನೇನು ಉಪ್ಪಿನಕಾಯಿ ಹಾಕ್ಲಾ? ನಿನ್ನ ಕೆಲಸ ನಿಂಗೆ. ನಾನೇ ಮಾಡ್ದೆ, ಫೋನಲ್ಲಿ ಹಸಿರು ಬಂತು."

ಅವರ ಕೇರಿಯ ಬುದ್ಧ ವಿಹಾರದ ಸಭಾಂಗಣದಲ್ಲಿ ಸಂಜೆ ಹೊತ್ತು ಹೆಂಗಸರಿಗೆ ಓದು ಕಲಿಸುತ್ತಿದ್ದರು. ಸೋಮಮ್ಮನೂ ಪಕ್ಕದ ಮನೆಯ, ಶಾಲೆಯ ಅಡುಗೆಯಲ್ಲೂ ಜೊತೆಗಿದ್ದ ಬೀರಮ್ಮನೂ ಅಲ್ಲಿ ಒಂದೇ ಚಾಪೆಯ ಮೇಲೆ ಕೂತು ಅಕ್ಷರ ತಿದ್ದಿದವರು. ಭಾನುಪ್ರಿಯಾ ಕೂಡ ಹಗಲು ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ವೆಬ್ ಪುಟ ಮಾಡುವುದನ್ನು ಕಲಿತವಳು. ಈಗ ಹೂಟಗಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಪುಟದಲ್ಲಿ ಯಾವ ಸಾಲು ಎದ್ದು ಕಾಣಬೇಕು, ಯಾವ ಸೂಚನೆ ಯಾವ ಬಣ್ಣದಲ್ಲಿ ಬಂದು ಹೇಗೆ ಹೋಗಬೇಕು, ಇವೆಲ್ಲ ಅವಳ ಪಾಲಿಗೆ ಬರುತ್ತಿದ್ದವು. ಈ ಆಸ್ಪತ್ರೆಯ ವೆಬ್‌ಸೈಟನ್ನೂ ಅವಳ ಕಂಪನಿಯೇ ಮಾಡಿತ್ತು. ಅವ್ವನಿಗೆ ಅದು ಗೊತ್ತಿರಲಿಲ್ಲ. ಹೇಳಿಕೊಳ್ಳುವಂಥದ್ದೇನಿದೆ ಎಂದು ಮಗಳೂ ಹೇಳಿರಲಿಲ್ಲ.

ಕೌಂಟರಿನಲ್ಲಿದ್ದ ವರ್ಷಿಣಿ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು. "ನಿಮ್ಮ ಹೆಸರಿಲ್ಲಮ್ಮ."

"ಅದೆಂಗಿಲ್ಲ? ನೋಡು, ನನ್ನ ಟೋಕನ್ನು." ಸೋಮಮ್ಮ ಫೋನಿಗೆ ಬಂದಿದ್ದ ಮೆಸೇಜು ತೋರಿಸಿದಳು. ಅದರಲ್ಲಿ ಒಂದು ಸಂಖ್ಯೆ ಇತ್ತು.

"ಇದು ಟೋಕನ್ ಅಲ್ಲಮ್ಮ, ಒಟಿಪಿ. ಇದನ್ನ ವಾಪಸ್ ಪುಟದಲ್ಲಿ ಹಾಕಿದ್ರೆ ತಾನೇ ಬುಕ್ ಆಗೋದು? ಬಾಕ್ಸಲ್ಲಿ ಹೇಳ್ತದಲ್ಲ."

"ಯಾವ ಬಾಕ್ಸು?"

ವರ್ಷಿಣಿ ಒರಟಳಲ್ಲ. ದಿನವೂ ಇದೇ ಮಾತಾಡಿ ಸೋತವಳು. "ಎಲ್ಲಾರೂ ಇದೇ ಕೇಳ್ತಾರೆ ಕಣಮ್ಮ. ಇವತ್ತಿಂದು ಪೂರ್ತಿ ಭರ್ತಿ. ಮುಂದಿನ ತಿಂಗಳದ್ದು ವೆಬ್‌ಸೈಟಲ್ಲೇ ಹಾಕ್ಬೇಕು, ನಾವಿಲ್ಲಿ ತಗೊಳ್ಳಂಗಿಲ್ಲ."

ಭಾನುಪ್ರಿಯಾ ಬೇಡಿಕೊಂಡಳು. ಕೊನೆಗೆ ವರ್ಷಿಣಿ, ಯಾರಾದರೂ ಬರದಿದ್ದರೆ ಒಳಗೆ ಕಳಿಸುತ್ತೇನೆ, ಕುಳಿತು ನೋಡಿ ಎಂದಳು. ಕುಳಿತರು. ವೈದ್ಯರು ಕಾರು ಹತ್ತಿ ಹೋದರು.

ಹೊರಗೆ ಹೊಂಗೆ ಮರದಡಿ ಅವಳು ಅವ್ವನ ಫೋನಿನಲ್ಲಿ ಆ ಪುಟ ತೆರೆದಳು. "ಅವತ್ತು ಎಂಗೆ ಮಾಡ್ದೆ, ಅಂಗೇ ಮಾಡಿ ತೋರ್ಸವ್ವ."

ಸೋಮಮ್ಮ ಹೆಸರು ತುಂಬಿದಳು, ಒತ್ತಿದಳು. ಪುಟದ ನೆತ್ತಿಯಲ್ಲಿ ಹಸಿರು ಪಟ್ಟಿ ಬಂತು, ಅದರ ಮುಂದೆ ಸರಿ ಗುರುತು. ತರಗತಿಯಲ್ಲಿ ಕಲಿಸಿದ್ದಂತೆ ಅವಳು ಓದಲು ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು. ಪಟ್ಟಿ ಮಾಯವಾಯಿತು. ಒಟಿಪಿ ಹಾಕುವ ಜಾಗ ಪುಟದಲ್ಲಿ ಎಲ್ಲೋ ಕೆಳಗಿತ್ತು. ಕಣ್ಣಿಗೆ ಬಿದ್ದದ್ದು ಹಳದಿ ಬಳಿದ ಒಂದು ಸಾಲು: ಇಡೀ ದೇಹದ ತಪಾಸಣೆ, ಇಂದೇ ಮಾಡಿಸಿ.

"ನೋಡ್ದಾ? ಹಸಿರು ಬಂತು, ಓಯ್ತು. ಆಯ್ತು ಅಂತಲೇ ಅಲ್ವಾ?"

ಪಟ್ಟಿಯಲ್ಲಿದ್ದ ಮಾತು ಭಾನುಪ್ರಿಯಾಳಿಗೆ ಬಾಯಿಪಾಠ. ನಿಮ್ಮ ಸಮಯ ಇನ್ನೂ ಖಚಿತವಾಗಿಲ್ಲ, ಮೊಬೈಲಿಗೆ ಬಂದ ಸಂಖ್ಯೆಯನ್ನು ಕೆಳಗೆ ಹಾಕಿ. ಅದಕ್ಕೆ ಹಸಿರು ಕೊಟ್ಟವಳು ಅವಳು. ಮುಟ್ಟಿದರೆ ಮುಚ್ಚುವಂತೆ ಮಾಡಿದವಳೂ ಅವಳೇ. ಮಾಡುವಾಗಲೇ ಮನಸ್ಸಿನಲ್ಲೊಂದು ಅಳುಕು ಎದ್ದಿತ್ತು. ಆದರೆ ಕಾಲೇಜಿನಲ್ಲಿ ಓದಿದವರ ನಡುವೆ ತನ್ನ ಅಳುಕಿಗೇನು ಬೆಲೆ ಎಂದು ಸುಮ್ಮನಾಗಿದ್ದಳು.

"ಅವ್ವ, ಅದನ್ನ ಮಾಡಿದ್ದು ನಾನೇ," ಎಂದಳು.

ಸೋಮಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಫೋನನ್ನು ಮಗಳ ಕೈಗಿಟ್ಟಳು. "ತಗೋ, ಇನ್ಮೇಲೆ ನೀನೇ ಮಾಡು. ನಂಗೆ ಇವೆಲ್ಲ ಬಗೆ ಅರೀದು."

ಭಾನುಪ್ರಿಯಾ ಅಲ್ಲೇ ನಿಂತು ಮುಂದಿನ ತಿಂಗಳಿಗೆ ಬುಕ್ ಮಾಡಿದಳು. ಕಣ್ಣು ಅಲ್ಲಿಯವರೆಗೆ ಕಾಯುತ್ತದೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಅವ್ವ ಅಂಗಡಿಗಳ ಬೋರ್ಡು ಓದಲಿಲ್ಲ. ಯಾವಾಗಲೂ ಓದುತ್ತಿದ್ದಳು.

ಮಧ್ಯಾಹ್ನ ಕಂಪನಿಯ ಮಾಲೀಕ ಮೋಹನ್ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ. "ನಿಮ್ಮ ತಾಯಿಗೆ ಹಿಂಗಾಗಬಾರದಿತ್ತು, ಭಾನು. ಆದ್ರೆ ಸೂಚನೆ ಅಡ್ಡ ನಿಂತ್ರೆ ಹಳದಿ ಸಾಲು ಕಾಣಲ್ಲ ಅಂತ ಆಸ್ಪತ್ರೆಯವರೇ ಹೇಳಿದ್ದು. ಕೆಂಪು ಬೇಡ, ಹೆದರ್ತಾರೆ ಅಂದಿದ್ದೂ ಅವರೇ."

"ಹೆದರ್ಬೇಕಾದ ಕಡೆ ಹೆದರ್ಲಿ ಸರ್. ಬುಕ್ ಆಗಿಲ್ಲ ಅನ್ನೋದಕ್ಕೆ ಸರಿ ಗುರುತು ಹಾಕಿದೀವಿ ನಾವು."

"ಒಪ್ತೀನಿ. ಆದ್ರೆ ನಾನು ಮಾಡಲ್ಲ ಅಂದ್ರೆ ನಾಳೆ ಇನ್ನೊಬ್ರು ಮಾಡಿ ಕೊಡ್ತಾರೆ. ಈ ಆಫೀಸಲ್ಲಿ ಇರೋರ ಕೆಲಸ ನಾನೇ ನೋಡ್ಬೇಕಲ್ವಾ? ಒಂದು ಮೇಲ್ ಹಾಕ್ತೀನಿ, ಬಿಡಿ."

ಮೇಲ್ ಹಾಕಿದ, ಮಾತು ತಪ್ಪಲಿಲ್ಲ. ಉತ್ತರವೂ ಅಂದೇ ಬಂತು. ಒಳ್ಳೆಯ ಸಲಹೆ, ಮುಂದಿನ ಬದಲಾವಣೆಯ ವೇಳೆ ಪರಿಶೀಲಿಸೋಣ. ಮುಂದಿನ ಬದಲಾವಣೆ ಯಾವಾಗ ಎಂದು ಅದರಲ್ಲಿರಲಿಲ್ಲ.

ಅಂದು ಸಂಜೆ ಭಾನುಪ್ರಿಯಾ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪುಟದ ಒಂದು ಪ್ರತಿ ಮಾಡಿಕೊಂಡಳು. ಸರಿ ಗುರುತು ತೆಗೆದಳು. ಬಿಳಿಯ ಮೇಲೆ ದಪ್ಪ ಕಪ್ಪು ಅಕ್ಷರ, ಸುತ್ತ ಕೆಂಪು ಅಂಚು. ಕೆಳಗೆ "ಓದಿದೆ" ಎಂಬ ಗುಂಡಿ, ಅದನ್ನು ಒತ್ತಿದರೆ ಮಾತ್ರ ಸೂಚನೆ ಹೋಗಬೇಕು. ಅದನ್ನು ಫೋನಿಗೆ ತಂದು ಅವ್ವನ ಮುಂದೆ ಹಿಡಿದಳು.

"ಬ್ಯಾಡ ಬುಡು, ಸಾರು ಉಕ್ತದೆ."

"ಒಂದ್ಸಲ ಅವ್ವ."

ಸೋಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಬೆರಳು ಚಾಚಿದಳು, ಆದರೆ ಗಾಜಿಗೆ ತಾಗಿಸಲಿಲ್ಲ. ಬಿಸಿ ತವಾದ ಮೇಲೆ ಹಿಡಿದಂತೆ ಬೆರಳನ್ನು ಗಾಳಿಯಲ್ಲೇ ಸರಿಸುತ್ತ ಓದತೊಡಗಿದಳು. ಅದನ್ನು ನೋಡಲು ಮಗಳಿಗೆ ಕಷ್ಟವಾಯಿತು.

"ಮುಟ್ಟವ್ವ. ಹೋಗಲ್ಲ."

ಬೆರಳು ತಾಗಿತು. ಅಕ್ಷರಗಳು ಅಲ್ಲೇ ಇದ್ದವು. "ನಿಮ್ಮ... ಸಮಯ... ಇನ್ನೂ... ಖಚಿತ... ವಾಗಿಲ್ಲ." ಸೋಮಮ್ಮ ತಲೆ ಎತ್ತಿದಳು. "ಓ, ಇದಾ ಇದ್ದಿದ್ದು. ಆಸ್ಪತ್ರೇದೂ ಈಗ ಹಿಂಗೇ ಅದಾ?"

"ಇಲ್ಲವ್ವ. ನಮ್ಮನೇಲಿ ಮಾತ್ರ."

ಸೋಮಮ್ಮ ಎದ್ದು ಒಲೆ ಸಣ್ಣ ಮಾಡಿದಳು. "ಬೀರಮ್ಮನೂ ಅದೇ ಡಾಕ್ಟ್ರಿಗೆ ತೋರಿಸ್ಬೇಕು ಅಂತಿದ್ಲು. ಅವಳೂ ಬೆರಳಿಟ್ಟೇ ಓದೋದು," ಎಂದಳು, ಬೆನ್ನು ತಿರುಗಿಸಿಕೊಂಡೇ.

ಮರುದಿನ ಭಾನುಪ್ರಿಯಾ ಎಲ್ಲರಿಗಿಂತ ಮೊದಲೇ ಆಫೀಸಿಗೆ ಹೋದಳು. ಯಾರನ್ನೂ ಕೇಳದೆ ಹೊಸ ಸೂಚನೆಯನ್ನು ಆಸ್ಪತ್ರೆಯ ಪುಟಕ್ಕೆ ಏರಿಸಿದಳು. ಮಾಡಿದ್ದು ಸರಿಯೇ ಎಂದು ತನ್ನನ್ನೇ ಕೇಳಿಕೊಂಡಳು, ಪೂರ್ತಿ ಹೌದೆನ್ನಲು ಆಗಲಿಲ್ಲ. ಮೋಹನ್ ಬಂದೊಡನೆ ತಾನೇ ಹೋಗಿ ಹೇಳಿದಳು.

"ಹೊಸದನ್ನ ಹಾಕ್ಬಿಟ್ಟಿದೀನಿ ಸರ್. ನೀವು ಬೇಕಾದ್ರೆ ತೆಗೀರಿ. ನನ್ನ ಕೈಲಿ ಮಾತ್ರ ತೆಗಿಸ್ಬೇಡಿ."

ಮೋಹನ್ ಬಹಳ ಹೊತ್ತು ಪರದೆ ನೋಡಿದ. ಹಳದಿ ಸಾಲು ಸೂಚನೆಯ ಹಿಂದೆ ಅರ್ಧ ಮುಚ್ಚಿಹೋಗಿತ್ತು. "ಅವರ ಕಣ್ಣಿಗೆ ಬಿದ್ದ ತಕ್ಷಣ ಫೋನ್ ಮಾಡ್ತಾರೆ," ಎಂದ. "ಆಗ ನಾನು ತೆಗೀಲೇಬೇಕು. ನಿಮ್ಮ ಬಗ್ಗೆ ಕೇಳಿದ್ರೆ ಏನು ಹೇಳ್ತೀನೋ ನಂಗೂ ಗೊತ್ತಿಲ್ಲ." ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಅಲ್ಲಿಗಂಟ ಇರ್ಲಿ. ನಾನು ನೋಡಿಲ್ಲ."

ಅವಳು ಮೆಟ್ಟಿಲ ಬಳಿ ಬಂದು ಅವ್ವನಿಗೆ ಫೋನ್ ಮಾಡಿದಳು. ಆ ಕಡೆ ಶಾಲೆಯ ಅಡುಗೆಮನೆಯ ಪಾತ್ರೆಗಳ ಸದ್ದು.

"ಅವ್ವ, ಬೀರಮ್ಮತ್ತೆಗೆ ಈಗ್ಲೇ ಬುಕ್ ಮಾಡ್ಕೊಳಕ್ಕೆ ಹೇಳು. ಸಂಜೆಗಂಟ ಕಾಯ್ಬೇಡಿ. ಈಗ ಬೆರಳಿಟ್ಟು ಓದ್ಬೋದು."

"ಈಗ್ಲೇ ಅಂದ್ರೆ? ಆಮೇಲೆ ಇರಲ್ವಾ?"

"ಗೊತ್ತಿಲ್ಲವ್ವ."

ಸೋಮಮ್ಮ ಸೌಟು ಕೆಳಗಿಟ್ಟ ಸದ್ದು ಕೇಳಿಸಿತು.

"ಅವಳು ಇಲ್ಲೇ ತರಕಾರಿ ಹೆಚ್ತಾವ್ಳೆ. ಇರು, ಇಬ್ರೂ ಕೂತ್ಕೊತೀವಿ. ನಾನೇ ಓದ್ತೀನಿ."